ಹವಳಕ್ಕೊಂದು ದೀಪ

ರೈಲ್ವೆಯ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ದೀಪ, ಫ್ಯಾನು, ತಂತಿ, ಫ್ಯೂಸುಗಳ ಸಹವಾಸ ಮಾಡಿ 2014ರಲ್ಲಿ ನಿವೃತ್ತನಾದವನು ನಾನು. ಆ ದಿನ ಕೊರಳಿಗೆ ಹಾರ ಹಾಕಿಸಿಕೊಂಡು, ಕಂಕುಳಲ್ಲೊಂದು ಗೋಡೆ ಗಡಿಯಾರ ಇಟ್ಟುಕೊಂಡು ಮುಲುಂಡಿನ ಮನೆಗೆ ಬಂದಾಗ, ಇನ್ನು ಮುಂದೆ ನನ್ನ ಕೈ ಸ್ಕ್ರೂಡ್ರೈವರನ್ನು ಮುಟ್ಟದು ಎಂದು ನನ್ನಾಕೆಯ ಮುಂದೆ ಶಪಥ ಮಾಡಿದೆ. "ಅದಕ್ಕೆ ಶಪಥ ಎಂತಕ್ಕೆ ಮಾರಾಯ್ರೆ? ಮನೆಯ ಮಿಕ್ಸರ್ ಕೆಟ್ಟು ಆರು ತಿಂಗಳಾಯ್ತು, ಇಷ್ಟು ದಿನವೂ ನೀವು ಮುಟ್ಟಲಿಲ್ಲವಲ್ಲ" ಎಂದಳು ಅವಳು.

ಅಂಥ ನಾನು ಎಪ್ಪತ್ತರ ಪ್ರಾಯದಲ್ಲಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಕಡಲೆಬೇಳೆಯಷ್ಟು ಗಾತ್ರದ ದೀಪಗಳಿಗೆ ಬೆಸುಗೆ ಹಾಕುತ್ತ ಕುಳಿತ ಕಥೆಯನ್ನು ಓದುಗರ ಮುಂದೆ ಇಡಬೇಕಾಗಿದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಸ್ವಲ್ಪ ಉಂಟು, ತಪ್ಪೂ ಉಂಟು. ಹೆಚ್ಚುಗಾರಿಕೆಯನ್ನು ಸಂಘದ ಗೆಳೆಯರಿಗೆಲ್ಲ ಈಗಾಗಲೇ ಹೇಳಿ ಮುಗಿಸಿದ್ದೇನೆ. ತಪ್ಪನ್ನು ಹೇಳುವುದು ಮಾತ್ರ ಉಳಿದಿದೆ.

ನನಗೊಬ್ಬನೇ ಮೊಮ್ಮಗ, ಆಗ ಹದಿನಾರು ವರ್ಷ. 2024ರ ಮೇ ತಿಂಗಳಲ್ಲಿ ಅವನ ಹತ್ತನೆಯ ತರಗತಿಯ ಫಲಿತಾಂಶ ಬಂತು. ನೂರಕ್ಕೆ ಎಪ್ಪತ್ತೊಂದು. ನಮ್ಮ ಕಾಲದಲ್ಲಾಗಿದ್ದರೆ ಓಣಿಗೆಲ್ಲ ಸಕ್ಕರೆ ಹಂಚುವ ಅಂಕ. ಈಗ ಮನೆಯಲ್ಲಿ ಯಾರೋ ತೀರಿಕೊಂಡಂತಾಯಿತು. ಮಗ ಬೈಯಲಿಲ್ಲ, ಹೊಡೆಯಲಿಲ್ಲ. ವೇಳಾಪಟ್ಟಿಯೊಂದನ್ನು ಬರೆದು ರೆಫ್ರಿಜರೇಟರಿನ ಬಾಗಿಲಿಗೆ ಅಂಟಿಸಿದ. ಬೆಳಿಗ್ಗೆ ಆರಕ್ಕೆ ಒಂದು ಕ್ಲಾಸು, ಕಾಲೇಜಿನಿಂದ ಬಂದೊಡನೆ ಇನ್ನೊಂದು ಕ್ಲಾಸು, ರವಿವಾರ ಪರೀಕ್ಷೆ. ಹುಡುಗ ಎದುರಾಡಲಿಲ್ಲ. ಮಾತನ್ನೇ ಆಡಲಿಲ್ಲ. ಏನು ಕೇಳಿದರೂ ಒಂದು 'ಹೂಂ', ಇಲ್ಲವೇ ಒಂದು 'ಊಹೂಂ'. ಹುಡುಗ ಮಂಕಾಗಿದ್ದಾನೆ, ಇನ್ನಷ್ಟು ಚುರುಕು ಮುಟ್ಟಿಸಬೇಕು ಎಂದು ನಾವೆಲ್ಲ ನಿರ್ಣಯ ಮಾಡಿದೆವು. ನಾವೆಲ್ಲ ಎಂದರೆ ನಾನೂ ಸೇರಿಯೇ.

ಅದೇ ಜೂನ್ ತಿಂಗಳಲ್ಲಿ ಪಕ್ಕದ ಕಟ್ಟಡದ ಗೃಹಸ್ಥರೊಬ್ಬರು ವಿದೇಶಕ್ಕೆ ಹೊರಟರು. ಅವರಲ್ಲಿ ಒಂದು ಗಾಜಿನ ತೊಟ್ಟಿ ಇತ್ತು: ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಅದರೊಳಗೆ ಸುಮಾರು 150 ಲೀಟರು ಉಪ್ಪುನೀರು, ಕಲ್ಲುಗಳು, ಕಿತ್ತಳೆ ಮೈಗೆ ಬಿಳಿಪಟ್ಟೆ ಬಳಿದ ಎರಡು ಮೀನು, ಮತ್ತು ಕಲ್ಲಿಗೆ ಅಂಟಿಕೊಂಡು ಬೆಳೆಯುವ ಒಂದಷ್ಟು ಮೆದು ಹವಳಗಳು. ಅವರು ಅದನ್ನೆಲ್ಲ ನನ್ನ ಮೊಮ್ಮಗನ ಕೈಗೆ ಒಪ್ಪಿಸಿ ವಿಮಾನ ಹತ್ತಿದರು. ಹೀಗೆ ಅರಬ್ಬೀ ಸಮುದ್ರದ ಒಂದು ಮಗ್ಗುಲು ನಮ್ಮ ಹಾಲಿನೊಳಕ್ಕೆ, ಟಿ.ವಿ. ಇದ್ದ ಜಾಗಕ್ಕೆ ಬಂತು.

ಹವಳವೆಂದರೆ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಒಂದೇ ಅರ್ಥವಿತ್ತು: ನನ್ನಾಕೆಯ ಕರಿಮಣಿ ಸರದಲ್ಲಿರುವ ಎರಡು ಕೆಂಪು ಮಣಿಗಳು. ತೊಟ್ಟಿಯೊಳಗಿನದೂ ಹವಳವೇ ಎಂದು ಮೊಮ್ಮಗ ಹೇಳಿದಾಗ ಅವಳು ನಂಬಲಿಲ್ಲ. ಒಂದು ಅಣಬೆಯ ಹಾಗೆ, ಇನ್ನೊಂದು ಅಂಗಿಯ ಗುಂಡಿಗಳನ್ನು ಗೊಂಚಲು ಮಾಡಿಟ್ಟ ಹಾಗೆ, ಮತ್ತೊಂದು ಚರ್ಮದ ಟೊಪ್ಪಿಗೆಯ ಹಾಗೆ, ಒಂದಕ್ಕಾದರೂ ಕೆಂಪಿಲ್ಲ. ಆಗ ಹುಡುಗ ಬಾಯಿ ಬಿಟ್ಟ. ಅವನು ಎರಡು ತಿಂಗಳಲ್ಲಿ ಆಡಿದ ಮೊದಲ ಉದ್ದನೆಯ ಮಾತು ಅದು. "ಅಜ್ಜಿ, ನಿನ್ನ ಹವಳ ಬೇರೆ ಜಾತಿ. ಅದು ಮೆಡಿಟರೇನಿಯನ್ ಸಮುದ್ರದಲ್ಲಿ, ಕತ್ತಲೆಯ ಗುಹೆಗಳಲ್ಲಿ ಬೆಳೀತದೆ. ಅದಕ್ಕೆ ಬೆಳಕು ಬೇಡ. ಇವುಗಳಿಗೆ ಬೆಳಕೇ ಊಟ."

ಬೆಳಕೇ ಊಟ ಎಂಬುದನ್ನು ಅವನು ನನಗೆ ಬಿಡಿಸಿ ಹೇಳಿದ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಅದರ ಮೈಯೊಳಗೆ ಬರಿಯ ಕಣ್ಣಿಗೆ ಕಾಣದ ಪಾಚಿಕಣಗಳು ವಾಸವಾಗಿರುತ್ತವೆ. ನಮ್ಮ ಮುಂಬಯಿಯ ಪೇಯಿಂಗ್ ಗೆಸ್ಟುಗಳ ಹಾಗೆಯೇ, ಆದರೆ ಈ ಅತಿಥಿಗಳು ಬಾಡಿಗೆಗೆ ಬದಲು ಅಡುಗೆ ಮಾಡಿ ಹಾಕುತ್ತವೆ. ಬೆಳಕಿನ ಬಲದಿಂದ ಸಕ್ಕರೆ ತಯಾರಿಸಿ ಅದರಲ್ಲಿ ದೊಡ್ಡ ಪಾಲನ್ನು ಮನೆಯೊಡೆಯನಿಗೇ ಬಡಿಸುತ್ತವೆ. ಹವಳದ ಬಣ್ಣದಲ್ಲಿಯೂ ಬಹುಪಾಲು ಈ ಅತಿಥಿಗಳದೇ. ದೀಪ ಆರಿದರೆ ಅಡುಗೆಮನೆ ಮುಚ್ಚಿದಂತೆ.

ಜುಲೈ ಕೊನೆಯ ವಾರದಲ್ಲಿ ಅಡುಗೆಮನೆ ಮುಚ್ಚಿಯೇಬಿಟ್ಟಿತು. ತೊಟ್ಟಿಯ ಜೊತೆಗೆ ಬಂದಿದ್ದ 150 ವಾಟಿನ ಮೆಟಲ್ ಹ್ಯಾಲೈಡ್ ದೀಪದ ಚೋಕು ಸುಟ್ಟು ಮನೆಯೆಲ್ಲ ಕಮಟು ವಾಸನೆ ಹಬ್ಬಿತು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಎಲ್‌ಇಡಿ ದೀಪದ ಬೆಲೆ ಕೇಳಿದರೆ ಮೂವತ್ತು ಸಾವಿರದ ಮೇಲೆ. ರಾತ್ರಿ ಊಟದ ಹೊತ್ತಿಗೆ ಮಗ ಹೇಳಿದ: "ಇದಕ್ಕೆ ಸುರಿಯಲಿಕ್ಕೆ ನನ್ನ ಹತ್ತಿರ ಹಣವಿಲ್ಲ, ನೋಡಿಕೊಳ್ಳಲಿಕ್ಕೆ ಇವನ ಹತ್ತಿರ ಹೊತ್ತಿಲ್ಲ. ದೀಪಾವಳಿಯೊಳಗೆ ಯಾರಿಗಾದರೂ ಕೊಟ್ಟುಬಿಡೋಣ." ಹುಡುಗ ಮಜ್ಜಿಗೆ ಅನ್ನ ಕಲಸಿಕೊಂಡಿದ್ದ, ಹಾಗೆಯೇ ಎದ್ದು ಕೈ ತೊಳೆದ.

ನನ್ನ ಬಾಯಿಂದ ಮಾತು ಬಂದದ್ದು ನನಗೇ ಆಮೇಲೆ ತಿಳಿಯಿತು. "ದೀಪವೇ ತಾನೆ? ನಾನು ಮಾಡಿಕೊಡ್ತೇನೆ."

ಮೂವತ್ತೆಂಟು ವರ್ಷದ ಅನುಭವ ಬೆನ್ನ ಹಿಂದಿದ್ದರೂ ಈ ದೀಪದ ವಿಷಯದಲ್ಲಿ ನಾನು ಒಂದನೆಯ ಇಯತ್ತೆಯ ವಿದ್ಯಾರ್ಥಿಯಾಗಿದ್ದೆ. ನಮ್ಮ ಕಾಲದ ಬಲ್ಬಿಗೆ 230 ವೋಲ್ಟು ಕೊಟ್ಟರೆ ಅದು ಉರಿಯಿತು; ಮುಗಿಯಿತು. ಎಲ್‌ಇಡಿ ಹಾಗಲ್ಲ. ಅದಕ್ಕೆ ವೋಲ್ಟೇಜಿಗಿಂತ ಅದರ ಮೂಲಕ ಹರಿಯುವ ಕರೆಂಟು ಮುಖ್ಯ. ಬಿಸಿಯಾದಂತೆಲ್ಲ ಅದು ಹೆಚ್ಚು ಹೆಚ್ಚು ಕರೆಂಟನ್ನು ಎಳೆಯುತ್ತದೆ, ಎಳೆದಂತೆಲ್ಲ ಇನ್ನಷ್ಟು ಬಿಸಿಯಾಗುತ್ತದೆ. ತಡೆಯುವವರಿಲ್ಲದಿದ್ದರೆ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಆದ್ದರಿಂದ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪೆಟ್ಟಿಗೆಯೊಂದು ಬೇಕು. ಅದನ್ನು ಡ್ರೈವರ್ ಎನ್ನುತ್ತಾರೆ.

ಆಗಸ್ಟ್ ತಿಂಗಳ ಒಂದು ಶನಿವಾರ ಅಜ್ಜ ಮೊಮ್ಮಗ ಇಬ್ಬರೂ ಮುಲುಂಡಿನಲ್ಲಿ ಗಾಡಿ ಹತ್ತಿ, ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆವು. ರೇಡಿಯೋದ ಬಿಡಿಭಾಗಗಳಿಗಾಗಿ ನಾನು ಪ್ರಾಯದಲ್ಲಿ ಸುತ್ತಿದ ಬೀದಿ ಅದು. ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ನಾನು ಕೇಳಿದೆ: "ತಮಾ, ನಮಗೆ ಬೇಕಾದ ದೀಪ ನೀಲಿಯೇ ಎಂತಕ್ಕೆ? ಬಿಸಿಲು ಬಿಳಿ ಅಲ್ಲವೋ?"

"ಬಿಸಿಲು ಬಿಳಿಯೇ. ಆದರೆ ನೀರು ಕೆಂಪನ್ನು ಮೊದಲು ನುಂಗ್ತದೆ ಅಜ್ಜ. ಕೆಲವು ಮೀಟರ್ ಕೆಳಗೆ ಹೋದರೆ ಕೆಂಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆಮೇಲೆ ಕಿತ್ತಳೆ, ಹಳದಿ ಹೋಗ್ತದೆ. ಎಲ್ಲಕ್ಕಿಂತ ಆಳಕ್ಕೆ ಇಳಿಯೋದು ನೀಲಿ. ಇವು ಆ ನೀಲಿಯಲ್ಲೇ ಬದುಕಲಿಕ್ಕೆ ಕಲಿತವು."

ಅವನ ಮಾತು ಕೇಳುತ್ತಿದ್ದಂತೆ ನನಗೆ ಅರವತ್ತು ವರ್ಷ ಹಿಂದಿನ ಒಂದು ಬೆಳಿಗ್ಗೆ ನೆನಪಾಯಿತು. ನಮ್ಮದು ಮುರ್ಡೇಶ್ವರದ ಕಡೆ. ಅಲ್ಲಿಂದ ಕಡಲಲ್ಲಿ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪ. ಒಮ್ಮೆ ದೊಡ್ಡವರ ಜೊತೆಗೆ ದೋಣಿಯಲ್ಲಿ ಅಲ್ಲಿಗೆ ಹೋಗಿದ್ದೆ. ಗಾಳಿ ಬಿದ್ದು ನೀರು ಗಾಜಿನಂತೆ ನಿಂತಿತ್ತು. ದೋಣಿಯ ಅಂಚಿಗೆ ಗದ್ದ ಊರಿ ಕೆಳಗೆ ನೋಡಿದರೆ, ಬುಡದಲ್ಲಿ ಬಂಡೆಗಳ ಮೇಲೆ ಏನೇನೋ ಬೆಳೆದಿತ್ತು. ಎಲ್ಲದಕ್ಕೂ ಒಂದು ನೀಲಿ ಪರದೆ ಹೊದಿಸಿದಂತೆ ಕಾಣುತ್ತಿತ್ತು. ಅವು ಹವಳಗಳೆಂದು ಆಗ ಯಾರೂ ಹೇಳಲಿಲ್ಲ. ಹೇಳಿದವನು ಮುಂಬಯಿಯಲ್ಲಿ ಹುಟ್ಟಿ, ನೇತ್ರಾಣಿಯನ್ನು ಕಂಡೇ ಇಲ್ಲದ ಈ ಹುಡುಗ. ನಾನು ಆ ಬೆಳಗಿನ ವಿಷಯ ಹೇಳಿದೆ. ಗ್ರಾಂಟ್ ರೋಡು ಬರುವವರೆಗೂ ಅವನು ಅದನ್ನೇ ಕೆದಕಿ ಕೆದಕಿ ಕೇಳಿದ.

ನೀಲಿ ಎಲ್‌ಇಡಿಗೂ ಒಂದು ಕಥೆ ಉಂಟು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬವರು 1962ರಲ್ಲಿಯೇ ತೋರಿಸಿದ್ದರು. ಪ್ರಖರವಾದ ನೀಲಿ ಕೈಗೆ ಸಿಗಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ನನಗೆ ಗೋಡೆ ಗಡಿಯಾರ ಬಂದದ್ದೂ ಅದೇ ವರ್ಷ. ಬಿಳಿ ಎಲ್‌ಇಡಿಯ ಹೊಟ್ಟೆಯಲ್ಲಿಯೂ ಸಾಮಾನ್ಯವಾಗಿ ಇರುವುದು ನೀಲಿಯೇ. ಮೇಲೆ ಹಳದಿಯಾಗಿ ಹೊಳೆಯುವ ಪುಡಿಯ ಲೇಪ ಕೊಟ್ಟು ಅದನ್ನು ಬಿಳಿ ಮಾಡುತ್ತಾರೆ. ನಮ್ಮ ಮನೆಗಳನ್ನೆಲ್ಲ ಈಗ ಬೆಳಗುತ್ತಿರುವುದು ಹೀಗೆ ವೇಷ ಹಾಕಿದ ನೀಲಿ.

ಅಂದು ನಾವು ಕೊಂಡದ್ದು ಇಷ್ಟು: 3 ವಾಟಿನ ಕಡುನೀಲಿ ಎಲ್‌ಇಡಿ ಹನ್ನೆರಡು, ಬಿಳಿಯವು ಹನ್ನೆರಡು, ಪ್ರತಿಯೊಂದೂ ನಾಣ್ಯದಷ್ಟಗಲದ ಅಲ್ಯೂಮಿನಿಯಮ್ ತಗಡಿನ ಮೇಲೆ ಕುಳಿತದ್ದು. ಅಂಗಡಿಯವರು ಈ ತಗಡಿಗೆ ಸ್ಟಾರ್ ಎನ್ನುತ್ತಾರೆ. 700 ಮಿಲಿಆಂಪಿಯರಿನ ಎರಡು ಡ್ರೈವರು, ಬೆಳಕನ್ನು ಏರಿಸಿ ಇಳಿಸಲು ಅವಕ್ಕೆ ಒಂದೊಂದು ಗುಂಡಿ. ಬಿಸಿಯನ್ನು ಹೀರಿ ಗಾಳಿಗೆ ಬಿಡಲು ಬಾಚಣಿಗೆಯ ಹಲ್ಲಿನಂತೆ ಸೀಳಿದ ಅಲ್ಯೂಮಿನಿಯಮ್ ಹೀಟ್‌ಸಿಂಕು. ಎರಡು ಸಣ್ಣ ಫ್ಯಾನು. ಎಲ್ಲ ಸೇರಿ ಅಂಗಡಿಯ ದೀಪದ ಬೆಲೆಯ ಕಾಲುಭಾಗವೂ ಆಗಲಿಲ್ಲ.

ಹಿಂದಿರುಗುವಾಗ ಅಲಂಕಾರ ಮೀನುಗಳ ಅಂಗಡಿಯೊಂದಕ್ಕೆ ಉಪ್ಪಿನ ಪುಡಿಗಾಗಿ ಹೋದೆವು. ಅಂಗಡಿಯವನು ಸ್ವರ ತಗ್ಗಿಸಿ, ಹಿಂದಿನ ಕೋಣೆಯಲ್ಲಿ ಕವಲು ಕವಲಾದ ಗಟ್ಟಿ ಹವಳ ಇದೆ, ದ್ವೀಪದಿಂದ ಬಂದ ಮಾಲು, ನಿಮಗಾದರೆ ಅಗ್ಗಕ್ಕೆ ಕೊಡುತ್ತೇನೆ ಎಂದ. ಅಗ್ಗವೆಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಹುಡುಗ ನನ್ನ ತೋಳು ಹಿಡಿದ. "ಬೇಡ ಅಜ್ಜ. ಬಂಡೆ ಕಟ್ಟುವ ಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ಕಾಯಿದೆಯ ಒಂದನೇ ಪಟ್ಟಿಗೆ ಸೇರಿಸಿದ್ದಾರೆ. ಹುಲಿ ಇರೋ ಪಟ್ಟಿ ಅದು. ಅದನ್ನು ಸಮುದ್ರದಿಂದ ಕಿತ್ತು ತಂದು ನಾನು ಏನು ಮಾಡಲಿ?" ಎಪ್ಪತ್ತೊಂದು ಅಂಕದ ಹುಡುಗ! ಬೀದಿಗೆ ಬಂದ ಮೇಲೆ ನಾನು ಅವನಿಗೊಂದು ಕಬ್ಬಿನ ಹಾಲು ಕೊಡಿಸಿದೆ.

ಮುಂದಿನ ಎರಡು ರವಿವಾರ ಪರೀಕ್ಷೆ ಮುಗಿಸಿ ಬಂದ ಮೇಲೆ ಅವನೂ ನಾನೂ ಬಾಲ್ಕನಿಯಲ್ಲಿ ಕುಳಿತೆವು. ಬೆಸುಗೆಯ ಹೊಗೆ ದೇವರ ಕೋಣೆಗೆ ಬರುತ್ತದೆಂದು ನನ್ನಾಕೆ ಬಾಗಿಲು ಮುಚ್ಚಿಕೊಂಡಳು. ಲೆಕ್ಕ ನನ್ನದು: ಒಂದೊಂದು ಎಲ್‌ಇಡಿಗೆ ಸುಮಾರು 3.3 ವೋಲ್ಟು, ಹನ್ನೆರಡನ್ನು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿದರೆ ಸುಮಾರು 40 ವೋಲ್ಟು. 700 ಮಿಲಿಆಂಪಿಯರಿಗೆ 28 ವಾಟು. ಎರಡು ಸರಪಳಿಗೆ 56. ಬೆಸುಗೆಯೂ ನನ್ನದೇ. ಸ್ಟಾರನ್ನು ಹೀಟ್‌ಸಿಂಕಿಗೆ ಬಿಗಿದ ಮೇಲೆ ಬೆಸುಗೆ ಹಾಕಹೊರಟರೆ ಆ ಅಲ್ಯೂಮಿನಿಯಮ್ ಕಾವನ್ನೆಲ್ಲ ಕುಡಿದುಬಿಡುತ್ತದೆ, ಸೀಸ ಕರಗುವುದೇ ಇಲ್ಲ. ಆದ್ದರಿಂದ ಮೊದಲೇ ಪ್ರತಿ ಸ್ಟಾರಿನ ತುದಿಗಳಿಗೂ ಒಂದೊಂದು ಹನಿ ಬೆಸುಗೆ ಕೂರಿಸಿ, ಅಡಿಗೆ ಬಿಸಿ ದಾಟಿಸುವ ಬಿಳಿ ಪೇಸ್ಟನ್ನು ತೆಳ್ಳಗೆ ಸವರಿ, ಆಮೇಲೆ ಬಿಗಿದು, 60 ವಾಟಿನ ಸೋಲ್ಡರಿಂಗ್ ಐರನ್ನಿನಿಂದ ತಂತಿಗಳನ್ನು ಕೂಡಿಸಿದೆವು.

ಮೊದಲ ಸಲ ಸ್ವಿಚ್ಚು ಹಾಕಿದಾಗ ಬಿಳಿಯ ಸಾಲು ಹೊತ್ತಿತು. ನೀಲಿಯ ಸಾಲು ಕಣ್ಣೇ ತೆರೆಯಲಿಲ್ಲ. ಗಣಪತಿ ಪೆಂಡಾಲಿನ ಸೀರಿಯಲ್ ದೀಪ ಕಟ್ಟಿದವರಿಗೆಲ್ಲ ಗೊತ್ತು, ಸಾಲಿನಲ್ಲಿ ಒಬ್ಬ ಮುನಿಸಿಕೊಂಡರೆ ಎಲ್ಲರೂ ಕತ್ತಲೆ. ಮಲ್ಟಿಮೀಟರು ಹಿಡಿದು ಒಂದೊಂದನ್ನೇ ಮುಟ್ಟುತ್ತ ಹೋದಾಗ ಏಳನೆಯದನ್ನು ನಾನು ತಿರುವುಮುರುವು ಜೋಡಿಸಿದ್ದು ತಿಳಿಯಿತು. ಹುಡುಗ ನಕ್ಕ. ಅವನು ನಕ್ಕದ್ದನ್ನು ಒಳಗಿನಿಂದ ಕೇಳಿ ನನ್ನಾಕೆ ಬಾಗಿಲು ತೆರೆದು ನೋಡಿದಳು.

ಉಪ್ಪುನೀರೂ ವಿದ್ಯುತ್ತೂ ಸವತಿಯರಿದ್ದ ಹಾಗೆ. ಹತ್ತಿರ ಇಡುವಾಗ ಎಚ್ಚರ ಬೇಕು. ದೀಪದ ಕೆಳಗೆ ಅಕ್ರಿಲಿಕ್ ಹಾಳೆ ಹಾಕಿದೆವು, ನೀರಿನ ಹನಿ ಸಿಡಿಯದಂತೆ. ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಜೋತುಬಿಟ್ಟು ಮೇಲಕ್ಕೆ ಒಯ್ದೆವು, ಹನಿ ಇಳಿದು ಬಂದರೂ ಅಲ್ಲಿಯೇ ತೊಟ್ಟಿಕ್ಕಿ ಬೀಳುವಂತೆ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಕರೆಂಟನ್ನೇ ಕಡಿದುಹಾಕುವ ಸ್ವಿಚ್ಚು ಕೂರಿಸಿದೆವು. ಇಷ್ಟು ಮಾಡದೆ ಯಾರೂ ಈ ಉದ್ಯೋಗಕ್ಕೆ ಇಳಿಯಬಾರದು. ಉರಿಯುತ್ತಿರುವ ಕಡುನೀಲಿ ಎಲ್‌ಇಡಿಯನ್ನು ನೆಟ್ಟ ಕಣ್ಣಿನಿಂದ ನೋಡಲೂಬಾರದು.

ಸೆಪ್ಟೆಂಬರ್ 1, ರವಿವಾರ ಸಂಜೆ ದೀಪ ತೊಟ್ಟಿಯ ಮೇಲೇರಿತು. ಹುಡುಗ ಎರಡು ಗುಂಡಿಗಳನ್ನೂ ಕಾಲುಭಾಗಕ್ಕೆ ನಿಲ್ಲಿಸಿದ. "ಇವು ಐದು ವಾರ ಟ್ಯೂಬ್‌ಲೈಟಿನಲ್ಲಿ ಇದ್ದವು ಅಜ್ಜ. ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು" ಎಂದ. ಆರನೆಯ ತಾರೀಖು ತಾಯಿಯ ಜೊತೆಗೆ ಪುಣೆಗೆ, ಸೋದರಮಾವನ ಮನೆಯ ಗಣಪತಿಗೆ ಹೋಗುವಾಗ ಮತ್ತೊಮ್ಮೆ ಹೇಳಿದ: "ಗುಂಡಿ ಮುಟ್ಟಬೇಡ."

ಇಲ್ಲಿಂದ ನನ್ನ ತಪ್ಪಿನ ಅಧ್ಯಾಯ.

ಚೌತಿಯ ಮರುದಿನ ನಮ್ಮ ಸಂಘದ ನಾಲ್ಕು ಮಂದಿ ಹಿರಿಯರು ರಾಜ್ಯೋತ್ಸವದ ವಂತಿಗೆಯ ಪುಸ್ತಕ ಹಿಡಿದು ಬಂದರು. ಚಕ್ಕುಲಿ, ಪಂಚಕಜ್ಜಾಯ, ಕಾಫಿ ಆಯಿತು. ದೀಪ ನೋಡಿದರು. ಒಬ್ಬರು, "ಚೆನ್ನಾಗಿದೆ ರಾಯರೇ, ಆದರೆ ಸ್ವಲ್ಪ ಮಂದವಾಯಿತಲ್ಲ?" ಎಂದರು. ಮೂವತ್ತೆಂಟು ವರ್ಷ ರೈಲುಡಬ್ಬಿಗಳನ್ನು ಬೆಳಗಿದವನ ದೀಪ ಮಂದ! ನಾನು ಎದ್ದು ಎರಡು ಗುಂಡಿಗಳನ್ನೂ ಕೊನೆಯವರೆಗೆ ತಿರುಗಿಸಿದೆ. ಹಾಲಿನ ಗೋಡೆಯ ಮೇಲೆಲ್ಲ ನೀರಿನ ಅಲೆ ಕುಣಿಯಿತು. ಹಿರಿಯರು ಭಲೇ ಎಂದರು. ವಂತಿಗೆಯನ್ನು ಕೂಡ ನಾನು ಐನೂರು ಹೆಚ್ಚಿಗೆ ಬರೆದೆ. ಅವರು ಹೋದ ಮೇಲೆ ಗುಂಡಿಯನ್ನು ಹಿಂದಕ್ಕೆ ತರಲಿಲ್ಲ. ಮರೆತೆನೆಂದು ಬರೆದರೆ ಸುಳ್ಳಾಗುತ್ತದೆ. ನನ್ನ ಕಣ್ಣಿಗೆ ಅದು ಹಾಗೆಯೇ ಸರಿಯಾಗಿ ಕಂಡಿತು. ಇಷ್ಟು ಒಳ್ಳೆಯ ಬೆಳಕು ಸಿಕ್ಕರೆ ಯಾವ ಜೀವ ತಾನೆ ಬೇಡ ಎಂದೀತು?

ಮೂರು ದಿನ ಕಳೆದು ಹುಡುಗ ಪುಣೆಯಿಂದ ಬಂದ. ಚೀಲವನ್ನು ಹೆಗಲಿನಿಂದ ಇಳಿಸದೆಯೇ ತೊಟ್ಟಿಯ ಮುಂದೆ ನಿಂತ. ಚರ್ಮದ ಟೊಪ್ಪಿಗೆಯಂತಿದ್ದ ಹವಳ ಕುಗ್ಗಿ ಮುದುಡಿತ್ತು. ಅಣಬೆಗಳು ಸುರುಟಿಕೊಂಡಿದ್ದವು. ಹಸಿರಾಗಿದ್ದ ಗುಂಡಿಗಳ ಗೊಂಚಲು ಹಾಲಿಗೆ ನೀರು ಬೆರೆಸಿದಂತೆ ಬಿಳಿಚಿಕೊಂಡಿತ್ತು. ಅವನು ಗುಂಡಿಗಳನ್ನು ನೋಡಿದ, ನನ್ನ ಮುಖ ನೋಡಿದ, ಮೆಲ್ಲಗೆ ಎರಡನ್ನೂ ಹತ್ತರಲ್ಲೊಂದು ಪಾಲಿಗೆ ಇಳಿಸಿ ಒಳಗೆ ಹೋದ. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹನ್ನೆರಡು ಗಂಟೆಗೆ ನೀರು ಕುಡಿಯಲು ಎದ್ದರೆ ಅವನೂ ಹಾಲಿನ ಕತ್ತಲೆಯಲ್ಲಿ ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಕುಳಿತೆ. "ತಪ್ಪಾಯಿತು ತಮಾ. ನನ್ನ ಕಣ್ಣಿಗೆ ಮಂದ ಕಂಡಿತು" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವನು ಹೇಳಿದ: "ಕಾಣ್ತದೆ ಅಜ್ಜ. ನಮ್ಮ ಕಣ್ಣು ಹಸಿರನ್ನು ಚೆನ್ನಾಗಿ ಕಾಣ್ತದೆ. ಈ ನೀಲಿಯನ್ನು ಅದರ ನೂರರಲ್ಲಿ ನಾಲ್ಕು ಪಾಲಿನಷ್ಟು ಮಾತ್ರ. ನಿನಗೆ ಮಂದ ಕಂಡದ್ದು ಅವುಗಳಿಗೆ ಮಂದ ಅಲ್ಲ."

ಬೆಳಕು ಮಿತಿಮೀರಿದರೆ ಆ ಪಾಚಿಕಣಗಳ ಅಡುಗೆಯಲ್ಲೇ ವಿಷ ಹುಟ್ಟುತ್ತದಂತೆ. ತಾಳಲಾರದೆ ಹವಳ ತನಗೆ ಉಣಬಡಿಸುವ ಅತಿಥಿಗಳನ್ನೇ ಹೊರಗೆ ಹಾಕುತ್ತದೆ. ಕಡಲಿನಲ್ಲಿ ನೀರು ಕಾದಾಗಲೂ ಆಗುವುದು ಇದೇ. 2024ರ ಬೇಸಗೆಯಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳಿಚಿದವೆಂದು ಅವನು ಓದಿದ್ದ. "ಹಾಗಾದರೆ ಇವು ಸತ್ತವೇ?" ಎಂದೆ. "ಇಲ್ಲ. ಬಿಳಿಯಾದದ್ದು ಸತ್ತದ್ದಲ್ಲ. ಹಸಿದದ್ದು. ಸುಮ್ಮನೆ ಬಿಟ್ಟರೆ ಕೆಲವು ತಿರುಗಿ ಬರ್ತವೆ."

ಸುಮ್ಮನೆ ಬಿಡುವುದು! ಎಪ್ಪತ್ತು ವರ್ಷದಲ್ಲಿ ನಾನು ಕಲಿಯದ ವಿದ್ಯೆ ಅದೊಂದೇ. ಆದರೆ ಆಗ ನನಗೆ ನನ್ನ ಸೋದರಮಾವ ನೆನಪಾದರು. 1976ರಲ್ಲಿ ನಾನು ಟ್ರಂಕು ಹಿಡಿದು ಮುಂಬಯಿಗೆ ಬಂದಾಗ ಅವರು ಮೊದಲ ವಾರ ನನ್ನನ್ನು ಮಧ್ಯಾಹ್ನದ ಖಾಲಿ ಲೋಕಲಿನಲ್ಲಿ ಮಾತ್ರ ಕರೆದೊಯ್ದರು. ಎರಡನೆಯ ವಾರ ಎರಡು ಸ್ಟೇಶನ್ ಒಬ್ಬನೇ ಹೋಗಿ ಬಾ ಎಂದರು. ಬೆಳಗಿನ ಒಂಬತ್ತು ಗಂಟೆಯ ಗಾಡಿಗೆ ನನ್ನನ್ನು ಬಿಟ್ಟದ್ದು ತಿಂಗಳು ಕಳೆದ ಮೇಲೆ. ಮೊದಲ ದಿನವೇ ಆ ನೂಕುನುಗ್ಗಲಿಗೆ ಸಿಕ್ಕಿದ್ದರೆ ನಾನು ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಿದ್ದೆ. ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ಅಂಥ ಒಬ್ಬ ಮಾವನೋ ಅಣ್ಣನೋ ಇದ್ದಿರಬೇಕು. ನನ್ನ ಮಗನನ್ನು ಬೆಳೆಸುವಾಗ ಮಾತ್ರ ಆ ಮಾವನ ಪಾಠ ನನಗೆ ನೆನಪಿರಲಿಲ್ಲ. ಅವನಿಗೆ ನಾನು ನಡೆಯಲು ಬಂದಾಗಿನಿಂದ ಒಂಬತ್ತು ಗಂಟೆಯ ಗಾಡಿಯನ್ನೇ ತೋರಿಸಿದ್ದೆ.

ಮರುದಿನ ಹಳೆಯ ಲೆಕ್ಕದ ವಹಿಯೊಂದನ್ನು ತೆಗೆದು ತೊಟ್ಟಿಯ ದಿನಚರಿ ಶುರುಮಾಡಿದೆವು. ಬರೆಯುವವನು ನಾನು, ಕನ್ನಡದಲ್ಲಿ: 'ನೀಲಿ 10, ಬಿಳಿ 5. ನೀರಿನ ಬಿಸಿ 27 ಡಿಗ್ರಿ. ಅಣಬೆ ಮುದುಡಿದೆ.' ಹುಡುಗನಿಗೆ ಮನೆಮಾತು ಬರುತ್ತದೆ, ಅಕ್ಷರ ಬರುತ್ತಿರಲಿಲ್ಲ. ನಾನು ಏನು ಬರೆದೆನೆಂದು ತಿಳಿಯದೆ ಅವನಿಗೆ ನಿರ್ವಾಹವಿಲ್ಲ; ಒಂದೊಂದೇ ಅಕ್ಷರ ಕೇಳಿ ಕೇಳಿ ಓದತೊಡಗಿದ. ಎರಡು ವಾರ ನಾವು ಗುಂಡಿಯನ್ನು ಮುಟ್ಟಲಿಲ್ಲ. ಮೂರನೆಯ ವಾರದಿಂದ ವಾರಕ್ಕೆ ನೂರರಲ್ಲಿ ಐದರಂತೆ ಏರಿಸಿದೆವು. ಎರಡು ಅಣಬೆಗಳು ಕರಗಿಯೇ ಹೋದವು. ಅವನ್ನು ಹೊರಗೆ ತೆಗೆದ ದಿನ ವಹಿಯಲ್ಲಿ 'ಅಜ್ಜನ ತಪ್ಪಿನಿಂದ' ಎಂದು ನಾನೇ ಬರೆದೆ. ಹುಡುಗ ಓದಿ, ಪೆನ್ನು ಇಸಿದುಕೊಂಡು ಆ ಎರಡು ಶಬ್ದಗಳ ಮೇಲೆ ಗೀಟು ಎಳೆದ.

ಅದೇ ದಿನ ರಾತ್ರಿ ಮಗನಿಗೆ ನಡೆದದ್ದನ್ನೆಲ್ಲ ಹೇಳಿದೆ. ಉಪದೇಶ ಮಾಡಲಿಲ್ಲ, ಉಪದೇಶ ಮಾಡುವ ಮುಖ ನನಗಿರಲಿಲ್ಲ. ಮಂದ ಕಂಡಿತೆಂದು ಗುಂಡಿ ತಿರುಗಿಸಿದ್ದು, ಕಣ್ಣು ಮೋಸಮಾಡಿದ್ದು, ಇಷ್ಟೇ. ಅವನು ಬಹಳ ಹೊತ್ತು ತೊಟ್ಟಿಯನ್ನೇ ನೋಡುತ್ತ ನಿಂತಿದ್ದ. ಆಮೇಲೆ, "ಅಪ್ಪ, ನನ್ನ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ನೆನಪಿದೆಯಾ?" ಎಂದು ಕೇಳಿದ. ನೆನಪಿತ್ತು. ಅಂದು ನಾನು ಅವನೊಡನೆ ಮಾತು ಬಿಟ್ಟಿದ್ದೆ. ಇಬ್ಬರೂ ಅದಕ್ಕಿಂತ ಹೆಚ್ಚು ಮಾತನಾಡಲಿಲ್ಲ. ಆ ತಿಂಗಳ ಕೊನೆಗೆ ರೆಫ್ರಿಜರೇಟರಿನ ಬಾಗಿಲಿನ ವೇಳಾಪಟ್ಟಿಯಲ್ಲಿ ಬೆಳಗಿನ ಆರರ ಕ್ಲಾಸು ಕಾಣಲಿಲ್ಲ. ಯಾರೂ ಯಾರಿಗೂ ಕಾರಣ ಹೇಳಲಿಲ್ಲ.

ದೀಪಾವಳಿ ಬಂತು. ತೊಟ್ಟಿಯನ್ನು ಯಾರಿಗಾದರೂ ಕೊಡುವ ಮಾತು ಏಳಲಿಲ್ಲ. ಕರೆಂಟಿನ ಲೆಕ್ಕವನ್ನು ಮಾತ್ರ ನಾನು ಮಗನ ಮುಂದಿಟ್ಟೆ: ಹಳೆಯ ದೀಪಕ್ಕಿಂತ ಸುಮಾರು 100 ವಾಟು ಕಡಿಮೆ, ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 24 ಯೂನಿಟ್ ಉಳಿತಾಯ. ನರಕಚತುರ್ದಶಿಯ ದಿನ ನಸುಕಿನಲ್ಲಿ ಎಣ್ಣೆಸ್ನಾನ ಮುಗಿಸಿ ನನ್ನಾಕೆ ಹೊಸ್ತಿಲಿಗೆ ಹಣತೆ ಇಟ್ಟಳು. ಒಂದನ್ನು ತಂದು ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೂ ಇಟ್ಟಳು. ಹುಡುಗ ನೀಲಿಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿದ. ಗುಂಡಿಗಳ ಗೊಂಚಲು ಹಸಿರಾಗಿ ಅರಳಿತ್ತು. ಅದರ ಬುಡದಲ್ಲಿ, ಹಿಂದೆ ಬರಿಯ ಕಲ್ಲಿದ್ದ ಕಡೆ, ಸಾಸಿವೆಯಷ್ಟು ದೊಡ್ಡ ಹೊಸದೊಂದು ಬಾಯಿ ತೆರೆದಿತ್ತು.

ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವನು ವಹಿ ತೆಗೆದು ತಾನೇ ಬರೆದ. ಒತ್ತು ಇಲ್ಲದ ಸಣ್ಣ ಶಬ್ದವನ್ನೇ ಆರಿಸಿಕೊಂಡಿದ್ದ. ಅಕ್ಷರಗಳು ಸೊಟ್ಟಗಿದ್ದವು, ತಪ್ಪಿರಲಿಲ್ಲ: 'ಚಿಗುರಿದೆ.'

ಓದುಗರಲ್ಲಿ ಯಾರಾದರೂ ಮುಲುಂಡಿನ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ದೀಪ ತೋರಿಸುತ್ತೇನೆ, ಕಾಫಿಯೂ ಉಂಟು. ನಿಮ್ಮ ಕಣ್ಣಿಗೆ ಅದು ಸ್ವಲ್ಪ ಮಂದವಾಗಿಯೇ ಕಾಣುತ್ತದೆ. ದಯವಿಟ್ಟು ಗುಂಡಿಗೆ ಮಾತ್ರ ಕೈ ಹಾಕಬೇಡಿ.